ಅಲಬಾಮಾ–ಆಬರ್ನ್: ಕಾಲೇಜು ಪಂದ್ಯದೊಳಗೆ ಶಾಸಕರೂ ರೇಡಿಯೋ ಮೈಕೂ ಬಂದ ಕಥೆ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಟಸ್ಕಲೂಸಾದಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯ ಒಂದು, ಆಬರ್ನ್ ಊರಿನ ಆಬರ್ನ್ ವಿಶ್ವವಿದ್ಯಾಲಯ ಇನ್ನೊಂದು. 1907ರಿಂದ 1948ರವರೆಗೆ, ಅಂದರೆ 41 ವರ್ಷ, ಇವೆರಡೂ ಒಬ್ಬರ ಮೇಲೊಬ್ಬರು ಫುಟ್‌ಬಾಲ್ ಆಡಲೇ ಇಲ್ಲ. ಕೊನೆಗೆ ರಾಜ್ಯದ ಕೆಳಮನೆ ನಿರ್ಣಯ ಮಾಡಿ "ಆಡಿ" ಅಂತ ಹೇಳಬೇಕಾಯಿತು. ಅದಾಗಿ 60 ವರ್ಷದ ಮೇಲೆ ಇದೇ ಪೈಪೋಟಿಯ ಹೆಸರಲ್ಲಿ ಒಬ್ಬ ಮನುಷ್ಯ ಹಳೆಯ ಮರಗಳಿಗೆ ವಿಷ ಹಾಕಿದ, ಹಾಕಿದ್ದನ್ನು ರೇಡಿಯೋ ನೇರಪ್ರಸಾರದಲ್ಲೇ ಹೇಳಿಕೊಂಡ. ಅದಾಗಿ 10 ವರ್ಷ ತುಂಬುವುದರೊಳಗೆ ಇದೇ ಪೈಪೋಟಿಯಲ್ಲಿ ಹೆಸರು ಮಾಡಿದ ಕೋಚ್ ಒಬ್ಬರು ಅಮೆರಿಕದ ಸೆನೆಟ್‌ಗೆ ಆರಿಸಿ ಹೋದರು.

ಈ ಮೂರೂ ಬೇರೆ ಬೇರೆ ಸುದ್ದಿಗಳಂತೆ ಕಾಣುತ್ತವೆ. ನನ್ನ ಪ್ರಕಾರ ಇವು ಒಂದೇ ಪ್ರಕರಣ. ಕಾಲೇಜು ಹುಡುಗರ ಆಟದ ಬಗ್ಗೆ ಮೈದಾನದ ಹೊರಗಿನ ದೊಡ್ಡವರು ಬಾಯಿ ಹಾಕಿದರೆ ಏನೇನಾಗುತ್ತದೆ ಅನ್ನುವುದಕ್ಕೆ ಇಷ್ಟು ಉದ್ದದ, ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. "ರಾಜಕಾರಣಿಗಳು ಕ್ರೀಡೆಗೆ ಕೈ ಹಾಕಬಾರದು" ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 1947ರಲ್ಲಿ ಅವರು ಕೈ ಹಾಕಿದ್ದು ಒಳ್ಳೆಯದೇ ಆಯಿತು. ಯಾಕೆ ಒಳ್ಳೆಯದಾಯಿತು, ಆಮೇಲಿನದ್ದು ಯಾಕೆ ಆಗಲಿಲ್ಲ ಅನ್ನುವುದೇ ಇಲ್ಲಿ ನೋಡಬೇಕಾದ್ದು.

ಮೊದಲಿಂದ ಹೇಳುತ್ತೇನೆ.

ಇಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಆಡುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅಲಬಾಮಾದಲ್ಲಿ ದೊಡ್ಡ ವೃತ್ತಿಪರ ಲೀಗ್‌ಗಳ ಒಂದು ತಂಡವೂ ಇಲ್ಲ. ಫುಟ್‌ಬಾಲ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಯಾವುದರಲ್ಲೂ ಇಲ್ಲ. ಹಾಗಾಗಿ ಇಡೀ ರಾಜ್ಯದ ಅಭಿಮಾನ, ಸಿಟ್ಟು, ಮಾತು ಎಲ್ಲಾ ಈ ಎರಡು ಕಾಲೇಜುಗಳ ಮೇಲೇ ಬೀಳುತ್ತದೆ. ಎರಡರಲ್ಲೂ ಓದದವರು ಕೂಡ ಯಾವುದಾದರೂ ಒಂದು ಕಡೆಯವರಾಗಿರುತ್ತಾರೆ. ರಾಜಕಾರಣಿಗೆ ಜನರ ಕಿವಿ ಬೇಕು ಅಂದರೆ, ರೇಡಿಯೋದವರಿಗೆ ಕೇಳುಗರು ಬೇಕು ಅಂದರೆ, ಹೋಗಬೇಕಾದ ಜಾಗ ಇದೇ.

ಜಗಳದ ಬೇರು ಫುಟ್‌ಬಾಲ್‌ಗಿಂತ ಹಳೆಯದು, ಮತ್ತು ಅದು ಇರುವುದು ಶಾಸಕಾಂಗದಲ್ಲೇ. ಟಸ್ಕಲೂಸಾದ ವಿಶ್ವವಿದ್ಯಾಲಯ 1831ರಲ್ಲಿ ಶುರುವಾಯಿತು. ಕೇಂದ್ರ ಸರ್ಕಾರ ಭೂಮಿ ಕೊಟ್ಟು ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ಮಾಡಿಸುತ್ತಿದ್ದ ಕಾಲದಲ್ಲಿ, ಆ ಕಾಲೇಜು ಎಲ್ಲಿಗೆ ಕೊಡಬೇಕು ಅಂತ ರಾಜ್ಯದ ಶಾಸಕರು ತೀರ್ಮಾನ ಮಾಡಬೇಕಿತ್ತು. 1872ರಲ್ಲಿ ಅದು ಆಬರ್ನ್‌ಗೆ ಹೋಯಿತು. ಟಸ್ಕಲೂಸಾದಲ್ಲಿ ವಕೀಲರು, ವೈದ್ಯರು, ಮುಂದೆ ಮಂತ್ರಿ-ಶಾಸಕರಾಗುವವರು ಓದಿದರು. ಆಬರ್ನ್‌ನಲ್ಲಿ ರೈತರ ಮಕ್ಕಳು, ಎಂಜಿನಿಯರುಗಳು, ದನದ ಡಾಕ್ಟರುಗಳು. ಆಬರ್ನ್ ಕಡೆಯವರಿಗೆ ಇವತ್ತಿಗೂ ಒಂದು ನೋವಿದೆ: ರಾಜಧಾನಿ ಮಾಂಟ್ಗೊಮರಿಯಲ್ಲಿ ಕೂತಿರುವವರೆಲ್ಲಾ ಟಸ್ಕಲೂಸಾದವರು, ನಮ್ಮನ್ನು ಹಸು ಕಾಯುವ ಕಾಲೇಜು ಅಂತ ಕೀಳಾಗಿ ನೋಡುತ್ತಾರೆ ಅಂತ. ಈ ನೋವು ಸುಮ್ನೆ ಹುಟ್ಟಿದ್ದಲ್ಲ. ಟಸ್ಕಲೂಸಾದ ಕಾನೂನು ಕಾಲೇಜಿನಿಂದ ಬಂದ ಶಾಸಕರು, ಗವರ್ನರ್‌ಗಳು ನಿಜಕ್ಕೂ ಬಹಳ ಜನ.

ಮೊದಲ ಪಂದ್ಯ ನಡೆದದ್ದು 1893ರ ಫೆಬ್ರವರಿ 22ರಂದು, ಅಲಬಾಮಾ ರಾಜ್ಯದ್ದೇ ಆದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಆಬರ್ನ್ 32–22ರಿಂದ ಗೆದ್ದಿತು. ಆ ಪಂದ್ಯ ಯಾವ ಸೀಸನ್‌ಗೆ ಸೇರಿದ್ದು ಅನ್ನುವುದರಲ್ಲೂ ಇಬ್ಬರಿಗೂ ಒಮ್ಮತ ಇಲ್ಲ. ಅಲಬಾಮಾ ಅದನ್ನು 1892ರ ಸೀಸನ್‌ನ ಕೊನೆಯ ಪಂದ್ಯ ಅಂತ ಬರೆದುಕೊಂಡಿದೆ, ಆಬರ್ನ್ 1893ರ ಸೀಸನ್‌ನ ಮೊದಲ ಪಂದ್ಯ ಅಂತ.

1907ರ ಪಂದ್ಯ 6–6ರಲ್ಲಿ ಸಮವಾಯಿತು. ಮುಂದಿನ ವರ್ಷದ ಒಪ್ಪಂದ ಬರೆಯುವಾಗ ಜಗಳ ಶುರು. ಆಬರ್ನ್ 22 ಆಟಗಾರರಿಗೆ ದಿನಕ್ಕೆ ತಲಾ 3 ಡಾಲರ್ 50 ಸೆಂಟ್ ಖರ್ಚು ಕೊಡಿ ಅಂದಿತು. ಅಲಬಾಮಾ 20 ಆಟಗಾರರಿಗೆ ತಲಾ 3 ಡಾಲರ್ ಅಂದಿತು. ಲೆಕ್ಕ ಹಾಕಿದರೆ ವ್ಯತ್ಯಾಸ ದಿನಕ್ಕೆ 17 ಡಾಲರ್. ಇದರ ಜೊತೆಗೆ ಅಂಪೈರ್ ಯಾರು ಅನ್ನುವ ಪ್ರಶ್ನೆ. ದಕ್ಷಿಣದವರು ಬೇಡ, ಉತ್ತರದ ಕಡೆಯಿಂದ ಕರೆಸಿ ಅಂತ ಆಬರ್ನ್. ದಕ್ಷಿಣದವರೇ ಸಾಕು ಅಂತ ಅಲಬಾಮಾ. ಪತ್ರಗಳು ಹೋದವು, ಬಂದವು. ಎಲ್ಲಾ ಬಗೆಹರಿಯುವ ಹೊತ್ತಿಗೆ ಆ ವರ್ಷದ ಪಂದ್ಯಗಳ ಪಟ್ಟಿ ತುಂಬಿಹೋಗಿತ್ತು. 1908ರಲ್ಲಿ ಆಟ ಆಗಲಿಲ್ಲ, 1909ರಲ್ಲೂ ಆಗಲಿಲ್ಲ, ಆಮೇಲೆ ಆಡದೇ ಇರುವುದೇ ಅಭ್ಯಾಸವಾಗಿಬಿಟ್ಟಿತು.

ಜನ ಸಾಮಾನ್ಯವಾಗಿ ಈ 17 ಡಾಲರ್ ಕಥೆಯನ್ನೇ ಹೇಳಿ ನಿಲ್ಲಿಸುತ್ತಾರೆ. ಆದರೆ 41 ವರ್ಷ ಅಷ್ಟು ಸಣ್ಣ ಮೊತ್ತಕ್ಕೆ ಉಳಿಯುವುದಿಲ್ಲ. ಮಧ್ಯೆ ಆಡೋಣ ಅನ್ನುವ ಪ್ರಯತ್ನಗಳು ನಡೆದವು, ಎರಡೂ ಕಡೆಯಿಂದ ಮುರಿದುಬಿದ್ದವು. 1923ರಲ್ಲಿ ಆಬರ್ನ್ ಅಧ್ಯಕ್ಷ ಸ್ಪ್ರೈಟ್ ಡೌವೆಲ್ ಬೇಡ ಅಂದರು. ಈ ಒಂದು ಪಂದ್ಯ ಬಂದರೆ ಬೇರೆ ಆಟಗಳೆಲ್ಲಾ ಅದರ ಕೆಳಗೆ ಬೀಳುತ್ತವೆ, ಕಾಲೇಜಿನಲ್ಲಿ ಫುಟ್‌ಬಾಲೇ ಎಲ್ಲಾ ಆಗುತ್ತದೆ ಅನ್ನುವುದು ಅವರ ಆತಂಕ. 1944ರಲ್ಲಿ ಆಬರ್ನ್ ಸಿದ್ಧವಿತ್ತು, ಅಲಬಾಮಾದ ಟ್ರಸ್ಟಿಗಳು ಬೇಡ ಅಂದರು. ರಾಜ್ಯದಲ್ಲಿ ಫುಟ್‌ಬಾಲ್‌ಗೆ ಈಗಾಗಲೇ ಇರುವ ಮಹತ್ವ ಅತಿಯಾಗುತ್ತದೆ ಅನ್ನುವುದು ಅವರ ಕಾರಣ. ಈ ಇಬ್ಬರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆಮೇಲೆ ಏನಾಯಿತು ಅಂತ ನಮಗೆ ಗೊತ್ತು, ಅವರು ಹೆದರಿದ್ದು ನಡೆದೇ ನಡೆಯಿತು. ಜೊತೆಗೆ ಇನ್ನೊಂದು ಕಾರಣವೂ ಇತ್ತು ಅಂತ ನನಗೆ ಅನ್ನಿಸುತ್ತದೆ. 1926ರ ಜನವರಿ 1ರಂದು ರೋಸ್ ಬೌಲ್ ಅನ್ನುವ ಹೆಸರಾಂತ ಹೊಸವರ್ಷದ ಪಂದ್ಯದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವನ್ನು 20–19ರಿಂದ ಸೋಲಿಸಿದ ಮೇಲೆ ಅಲಬಾಮಾ ಇಡೀ ದೇಶಕ್ಕೆ ಗೊತ್ತಿರುವ ತಂಡವಾಗಿತ್ತು. ಆಬರ್ನ್ ಮೇಲೆ ಗೆದ್ದರೆ ಅವರಿಗೆ ಹೊಸದಾಗಿ ಸಿಗುವುದು ಏನೂ ಇರಲಿಲ್ಲ. ಸೋತರೆ ಮಾತ್ರ ರಾಜ್ಯದೊಳಗೇ ತಲೆ ತಗ್ಗಿಸಬೇಕಿತ್ತು.

ಈಗ 1947. ಯುದ್ಧ ಮುಗಿದಿದೆ. ಸೈನಿಕರ ಓದಿಗೆ ಸರ್ಕಾರವೇ ಹಣ ಕೊಡುವ ಕಾನೂನು ಬಂದಿದೆ, ಎರಡೂ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ತುಂಬಿ ತುಳುಕುತ್ತಿದ್ದಾರೆ. ಹಾಸ್ಟೆಲ್ ಬೇಕು, ಕ್ಲಾಸ್‌ರೂಮ್ ಬೇಕು, ಎಲ್ಲಕ್ಕೂ ರಾಜ್ಯದ ದುಡ್ಡು ಬೇಕು. ಆ ಹೊತ್ತಿಗೆ ಸರಿಯಾಗಿ ರಾಜ್ಯದ ಕೆಳಮನೆ ಒಂದು ನಿರ್ಣಯ ಪಾಸು ಮಾಡಿತು. ಎರಡೂ ಸಂಸ್ಥೆಗಳ ನಡುವೆ ಪೂರ್ಣ ಪ್ರಮಾಣದ ಕ್ರೀಡಾ ಸಂಬಂಧ ಶುರುವಾಗುವಂತೆ ಮಾಡಿ ಅನ್ನುವುದು ಅದರ ಸಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಯನ್ನು ಈಗ ಹೇಳುವವರು "ಶಾಸಕಾಂಗ ಕಾನೂನು ಮಾಡಿ ಆಡಿಸಿತು" ಅನ್ನುತ್ತಾರೆ. ಅದು ಕಾನೂನು ಅಲ್ಲ. ಒಂದು ಸದನದ ನಿರ್ಣಯ, ಕೇಳಿಕೊಂಡದ್ದು ಅಷ್ಟೇ. ಪಾಲಿಸದಿದ್ದರೆ ಶಿಕ್ಷೆ ಏನೂ ಇರಲಿಲ್ಲ. ಆದರೆ ಅನುದಾನ ಕೊಡುವ ಕೈಯೇ ಕೇಳಿಕೊಂಡಾಗ ಅದರ ತೂಕವೇ ಬೇರೆ ಅಲ್ವಾ? ಆಡದಿದ್ದರೆ ರಾಜ್ಯದ ಹಣಕ್ಕೆ ಕುತ್ತು ಬರಬಹುದು ಅನ್ನುವ ಭಯ ಎರಡೂ ಕಡೆ ಇತ್ತು. ಅದರ ಮೇಲೆ ಈ ರಾಜ್ಯದಲ್ಲಿ ಇನ್ನೊಂದು ವಿಚಿತ್ರ ವ್ಯವಸ್ಥೆ ಇದೆ. ಎರಡೂ ವಿಶ್ವವಿದ್ಯಾಲಯಗಳ ಟ್ರಸ್ಟಿ ಮಂಡಳಿಗಳಿಗೆ ಪದನಿಮಿತ್ತ ಅಧ್ಯಕ್ಷರು ಒಬ್ಬರೇ, ರಾಜ್ಯದ ಗವರ್ನರ್. ಜಗಳ ಆಡುವ ಎರಡು ಮನೆಗೂ ಹಿರಿಯರು ಒಬ್ಬರೇ ಇದ್ದ ಹಾಗೆ.

ಆಮೇಲೆ ನಡೆದದ್ದು ಇನ್ನೂ ಮುಖ್ಯ. ಶಾಸಕರು ಅಲ್ಲಿಗೆ ನಿಂತರು. ಯಾವ ತಾರೀಖು, ಯಾವ ಮೈದಾನ, ಯಾವ ಅಂಪೈರ್, ಟಿಕೆಟ್ ಹೇಗೆ ಹಂಚಬೇಕು, ಇದ್ಯಾವುದನ್ನೂ ನಿರ್ಣಯ ಹೇಳಲಿಲ್ಲ. ಅಲಬಾಮಾದ ಅಧ್ಯಕ್ಷ ಜಾನ್ ಗ್ಯಾಲಲೀ, ಆಬರ್ನ್‌ನ ಅಧ್ಯಕ್ಷ ರಾಲ್ಫ್ ಡ್ರಾನ್, ಇಬ್ಬರೂ ಕೂತು ಮಾತಾಡಿದರು. ಸರ್ಕಾರ ತಾನೇ ಮೈದಾನಕ್ಕೆ ಇಳಿಯುವುದಕ್ಕಿಂತ ಮೊದಲು ನಾವೇ ಬಗೆಹರಿಸಿಕೊಳ್ಳುವುದು ಒಳ್ಳೆಯದು ಅನ್ನುವ ತೀರ್ಮಾನಕ್ಕೆ ಬಂದರು. ಪಂದ್ಯ ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್‌ನಲ್ಲಿ ಅಂತ ಗೊತ್ತಾಯಿತು. ಪಂದ್ಯದ ದಿನ ಬೆಳಿಗ್ಗೆ ಎರಡೂ ಕಾಲೇಜಿನ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಬರ್ಮಿಂಗ್‌ಹ್ಯಾಮ್‌ನ ವುಡ್ರೊ ವಿಲ್ಸನ್ ಪಾರ್ಕಿನಲ್ಲಿ ಒಂದು ಕೈಗೊಡಲಿಯನ್ನು ಮಣ್ಣಿನಲ್ಲಿ ಹೂತರು. ಅಮೆರಿಕದಲ್ಲಿ ಹಗೆ ಮುಗಿಸುವುದಕ್ಕೆ ಮಾಡುವ ಶಾಸ್ತ್ರ ಅದು.

1948ರ ಡಿಸೆಂಬರ್ 4ರಂದು ಅಲಬಾಮಾ 55–0ರಿಂದ ಗೆದ್ದಿತು. 41 ವರ್ಷ ಕಾದ ಆಬರ್ನ್‌ಗೆ ಅದೆಂಥಾ ದಿನ ಆಗಿರಬೇಕು. ಮರುವರ್ಷ ಆಬರ್ನ್ 14–13ರಿಂದ ಗೆದ್ದಿತು. ಆ ಒಂದು ಪಾಯಿಂಟ್ ಗೆಲುವೇ ಈ ಪೈಪೋಟಿಯನ್ನು ಮತ್ತೆ ನಿಲ್ಲಿಸಲು ಆಗದಂತೆ ಮಾಡಿತು ಅನ್ನುವುದು ನನ್ನ ಲೆಕ್ಕ. 1949ರಲ್ಲೂ 50–0 ಅಂತಾಗಿದ್ದರೆ, ಇದು ಸರಿಸಮದ ಆಟವೇ ಅಲ್ಲ ಅಂತ ಹೇಳುವವರ ಕೈ ಮೇಲಾಗುತ್ತಿತ್ತು, ನಿರ್ಣಯ ಇದ್ದರೂ.

ಆಮೇಲೆ ಈ ಪಂದ್ಯಕ್ಕೆ ಐರನ್ ಬೌಲ್ ಅನ್ನುವ ಹೆಸರು ಬಂತು, ಬರ್ಮಿಂಗ್‌ಹ್ಯಾಮ್ ಕಬ್ಬಿಣ-ಉಕ್ಕಿನ ಊರಾಗಿದ್ದರಿಂದ. ದಶಕಗಳ ಕಾಲ ಅಲ್ಲೇ ನಡೆಯಿತು. ನಮ್ಮ ಊರಲ್ಲೂ ಆಡಬೇಕು ಅಂತ ಆಬರ್ನ್ ಪಟ್ಟು ಹಿಡಿದು 1989ರಲ್ಲಿ ಮೊದಲ ಸಲ ಆಬರ್ನ್‌ನಲ್ಲೇ ಆಡಿಸಿ 30–20ರಿಂದ ಗೆದ್ದಿತು. 2000ದಿಂದ ಅಲಬಾಮಾದ ಸರದಿಯ ಪಂದ್ಯಗಳೂ ಟಸ್ಕಲೂಸಾಕ್ಕೆ ಹೋದವು. ಈ ಬದಲಾವಣೆ ಬಂದದ್ದು ಎರಡು ಕಾಲೇಜುಗಳ ಚೌಕಾಸಿಯಿಂದಲೇ. 1908ರಲ್ಲಿ ಊಟದ ಖರ್ಚಿಗೆ ಒಪ್ಪಂದ ಮಾಡಿಕೊಳ್ಳಲಾಗದವರು ಈಗ ಮೈದಾನವನ್ನೇ ಬದಲಾಯಿಸುವಷ್ಟು ಮಾತಾಡಬಲ್ಲವರಾಗಿದ್ದರು. 1947ರ ನಿರ್ಣಯದಿಂದ ಆದ ನಿಜವಾದ ಲಾಭ ಇದು ಅಂತ ನನಗೆ ಅನ್ನಿಸುತ್ತದೆ. ಅದು ಇಬ್ಬರನ್ನು ಒಂದೇ ಮೇಜಿಗೆ ಕೂರಿಸಿತು, ಆಮೇಲೆ ಮೇಜು ಬಿಟ್ಟು ಎದ್ದು ಹೋಯಿತು.

ಈಗ ರೇಡಿಯೋ ಕಡೆಗೆ ಬರುತ್ತೇನೆ.

ಪಾಲ್ ಫೈನ್‌ಬಾಮ್ ಅಲಬಾಮಾದವರಲ್ಲ. ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಹುಟ್ಟಿ, ಟೆನೆಸಿ ವಿಶ್ವವಿದ್ಯಾಲಯದಲ್ಲಿ ಓದಿ, 1980ರಲ್ಲಿ ಬರ್ಮಿಂಗ್‌ಹ್ಯಾಮ್ ಪೋಸ್ಟ್-ಹೆರಾಲ್ಡ್ ಪತ್ರಿಕೆಗೆ ಬಂದವರು. ಖಾರವಾದ ಅಂಕಣ ಬರೆದು ಹೆಸರು ಮಾಡಿದರು, ಆಮೇಲೆ ರೇಡಿಯೋಗೆ ಬಂದರು. ಅವರ ಕಾರ್ಯಕ್ರಮದ ಜೀವಾಳ ಕೇಳುಗರ ಫೋನ್ ಕರೆ. ಅವರು ಜಾಸ್ತಿ ಕೂಗಾಡುವವರಲ್ಲ. ತಣ್ಣಗೆ ಒಂದು ಪ್ರಶ್ನೆ ಕೇಳಿ ಬಿಡುತ್ತಾರೆ, ಕರೆ ಮಾಡಿದವರು ಕೂಗಾಡುತ್ತಾರೆ. ದಿನವೂ ಕರೆ ಮಾಡುವ ಕೆಲವರು ತಾವೇ ರಾಜ್ಯದಲ್ಲಿ ಪ್ರಸಿದ್ಧರಾದರು. ವರ್ಷಕ್ಕೊಂದು ದಿನ ನಡೆಯುವ ಪಂದ್ಯದ ಜಗಳವನ್ನು ದಿನವೂ ಮಧ್ಯಾಹ್ನ ನಡೆಯುವ ಜಗಳವಾಗಿ ಮಾಡಿದ್ದರಲ್ಲಿ ಇಂಥ ಕಾರ್ಯಕ್ರಮಗಳ ಪಾಲು ದೊಡ್ಡದು.

2010ರ ನವೆಂಬರ್ 26ರ ಪಂದ್ಯ ಟಸ್ಕಲೂಸಾದಲ್ಲಿ. ಅಲಬಾಮಾ 24–0 ಮುಂದಿತ್ತು. ಕ್ಯಾಮ್ ನ್ಯೂಟನ್ ಅನ್ನುವ ತಾರಾ ಆಟಗಾರ ಇದ್ದ ಆಬರ್ನ್ ತಿರುಗಿಬಿದ್ದು 28–27ರಿಂದ ಗೆದ್ದಿತು, ಮುಂದೆ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಕೂಡ ಆಯಿತು. ಆಬರ್ನ್ ಗೆದ್ದಾಗಲೆಲ್ಲಾ ಊರಿನ ಜನ ಟೂಮರ್ಸ್ ಕಾರ್ನರ್ ಅನ್ನುವ ಮೂಲೆಗೆ ಬಂದು ಅಲ್ಲಿನ ಎರಡು ದೊಡ್ಡ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಸುರುಳಿಗಳನ್ನು ಎಸೆಯುತ್ತಾರೆ. ಮರ ಪೂರ್ತಿ ಬಿಳಿಯಾಗುತ್ತದೆ. ಮಕ್ಕಳು, ಅಜ್ಜ-ಅಜ್ಜಿಯರು ಎಲ್ಲಾ ಬರುತ್ತಾರೆ. ಆ ಊರಿಗೆ ಅದೇ ಹಬ್ಬ.

2011ರ ಜನವರಿ 27ರಂದು ಫೈನ್‌ಬಾಮ್ ಕಾರ್ಯಕ್ರಮಕ್ಕೆ ಒಂದು ಕರೆ ಬಂತು. ಕರೆ ಮಾಡಿದಾತ ಸುಳ್ಳು ಹೆಸರು ಹೇಳಿದ, ಡೇಡ್‌ವಿಲ್ ಅನ್ನುವ ಊರಿನಿಂದ ಮಾತಾಡುತ್ತಿದ್ದೇನೆ ಅಂದ. ಅಲಬಾಮಾದ ದೊಡ್ಡ ಕೋಚ್ ಬೇರ್ ಬ್ರಯಂಟ್ 1983ರ ಜನವರಿ 26ರಂದು ತೀರಿಕೊಂಡಾಗ ಆಬರ್ನ್‌ನವರು ಟೂಮರ್ಸ್ ಕಾರ್ನರ್‌ನಲ್ಲಿ ಸಂಭ್ರಮ ಮಾಡಿದರು ಅನ್ನುವುದು ಅವನ ದೂರು. ಆಮೇಲೆ, ಈ ಸಲದ ಐರನ್ ಬೌಲ್ ಮುಗಿದ ಮೇಲೆ ನಾನು ಆಬರ್ನ್‌ಗೆ ಹೋಗಿ ಆ ಮರಗಳಿಗೆ ಸ್ಪೈಕ್ 80ಡಿಎಫ್ ಅನ್ನುವ ಕಳೆನಾಶಕ ಸುರಿದು ಬಂದೆ ಅಂದ. ಮರ ಸತ್ತವಾ ಅಂತ ಫೈನ್‌ಬಾಮ್ ಕೇಳಿದರು. ಇನ್ನೂ ಇಲ್ಲ, ಸಾಯುವುದು ಖಂಡಿತ ಅಂತ ಉತ್ತರ. ಮರಕ್ಕೆ ವಿಷ ಹಾಕುವುದು ಅಪರಾಧ ಅಲ್ಲವಾ ಅಂತ ಕೇಳಿದರೆ, ಅದು ನನಗೆ ಯಾವ ಲೆಕ್ಕ ಅನ್ನುವ ಧಾಟಿಯ ಮಾತು. ಕೊನೆಗೆ ಅಲಬಾಮಾ ತಂಡದ ಜೈಕಾರ ಹೇಳಿ ಫೋನ್ ಇಟ್ಟ.

ತುಂಬಾ ಜನ ಇದನ್ನು ಬರೀ ಬಾಯಿಮಾತು ಅಂದುಕೊಂಡರು. ವಿಶ್ವವಿದ್ಯಾಲಯ ಮಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿತು. ಫೆಬ್ರವರಿ 16ರಂದು ಫಲಿತಾಂಶ ಹೇಳಿತು. ಅತಿ ಕಡಿಮೆ ಸಿಕ್ಕ ಜಾಗದಲ್ಲೇ ವಿಷದ ಪ್ರಮಾಣ ಹತ್ತು ಲಕ್ಷಕ್ಕೆ 0.78 ಭಾಗ ಇತ್ತು, ಮರ ಸಾಯಿಸಲು ಅಷ್ಟೇ ಧಾರಾಳ. ಅತಿ ಹೆಚ್ಚು ಸಿಕ್ಕ ಜಾಗದಲ್ಲಿ 51 ಭಾಗ. ಮರುದಿನ ಬಂಧನ ಆಯಿತು. ಆತ ಅಲಬಾಮಾ ತಂಡದ ಅಭಿಮಾನಿ, ಒಂದು ಕಾಲದಲ್ಲಿ ಟೆಕ್ಸಸ್‌ನಲ್ಲಿ ಪೊಲೀಸ್ ಆಗಿದ್ದವನು. 2013ರಲ್ಲಿ ತಪ್ಪೊಪ್ಪಿಕೊಂಡ, ಜೈಲಿನಲ್ಲಿ ಕೆಲವು ತಿಂಗಳು ಕಳೆದ. ಸುಮಾರು 8 ಲಕ್ಷ ಡಾಲರ್ ಪರಿಹಾರ ಕಟ್ಟಬೇಕು, ಕಾಲೇಜು ಪಂದ್ಯಗಳಿಗೆ ಕಾಲಿಡಬಾರದು ಅಂತ ಕೋರ್ಟ್ ಹೇಳಿತು. 2020ರಲ್ಲಿ ಸಾಯುವ ಹೊತ್ತಿಗೆ ಆತ ಕಟ್ಟಿದ್ದು ಅದರಲ್ಲಿ ತೀರಾ ಸಣ್ಣ ಪಾಲು. ಮರಗಳನ್ನು ಉಳಿಸಲು ಮಣ್ಣು ತೆಗೆದರು, ಇದ್ದಿಲು ಹಾಕಿದರು, ಏನೇನೋ ಮಾಡಿದರು. ಆಗಲಿಲ್ಲ. 2013ರ ಏಪ್ರಿಲ್ 23ರಂದು ಕಡಿದರು. 2015ರಲ್ಲಿ ಹೊಸ ಮರ ನೆಟ್ಟರು.

ಇದರಲ್ಲಿ ಫೈನ್‌ಬಾಮ್ ತಪ್ಪೆಷ್ಟು? ಎರಡು ಕಡೆಯವರೂ ಈ ಪ್ರಶ್ನೆಗೆ ಬೇಗ ಬೇಗ ಉತ್ತರ ಕೊಡುತ್ತಾರೆ. ವಿಷ ಹಾಕಿದ್ದು ಅವರಲ್ಲ, ಹಾಕಿಸಿದ್ದೂ ಅಲ್ಲ. ಆ ಕರೆ ಪ್ರಸಾರ ಆಗದಿದ್ದರೆ ಮರಗಳು ಯಾಕೆ ಒಣಗುತ್ತಿವೆ ಅಂತ ಬಹಳ ದಿನ ಗೊತ್ತಾಗುತ್ತಿರಲಿಲ್ಲ, ಅಪರಾಧಿ ಬಹುಶಃ ಸಿಗುತ್ತಲೇ ಇರಲಿಲ್ಲ. ಅಷ್ಟರ ಮಟ್ಟಿಗೆ ಅವನನ್ನು ಮಾತಾಡಲು ಬಿಟ್ಟಿದ್ದು ಉಪಯೋಗಕ್ಕೇ ಬಂತು. ಇದನ್ನು ಒಪ್ಪಲೇಬೇಕು.

ಆದರೆ ಪ್ರಶ್ನೆ ಆ ಒಂದು ಕರೆಯದ್ದಲ್ಲ. ಒಬ್ಬ ಮನುಷ್ಯ ಅಪರಾಧ ಮಾಡಿ, ಅದನ್ನು ಹೇಳಿಕೊಳ್ಳಲು ಇಡೀ ರಾಜ್ಯದಲ್ಲಿ ಇದೇ ಜಾಗ ಸರಿ ಅಂತ ಯಾಕೆ ಅಂದುಕೊಂಡ? ಅಲ್ಲಿ ಯಾರು ಎಷ್ಟು ಕಟುವಾಗಿ ಮಾತಾಡುತ್ತಾರೋ ಅಷ್ಟು ಹೊತ್ತು ಲೈನಿನಲ್ಲಿ ಇರುತ್ತಾರೆ ಅನ್ನುವುದು ವರ್ಷಗಟ್ಟಲೆ ಕೇಳಿದವರಿಗೆಲ್ಲಾ ಗೊತ್ತಿತ್ತು. ಕೇಸು ನಡೆಯುತ್ತಿರುವಾಗಲೂ ಆತ ಅದೇ ಕಾರ್ಯಕ್ರಮಕ್ಕೆ ಮತ್ತೆ ಕರೆ ಮಾಡಿದ, ಮತ್ತೆ ಪ್ರಸಾರ ಆಯಿತು. ಮೊದಲ ಕರೆಯನ್ನು ನಾನು ಸಮರ್ಥಿಸುತ್ತೇನೆ. ಆಮೇಲಿನದ್ದನ್ನು ಸಮರ್ಥಿಸಲು ನನ್ನಿಂದ ಆಗುವುದಿಲ್ಲ. ಮೊದಲನೆಯದರಿಂದ ಒಂದು ವಿಷಯ ಬಯಲಾಯಿತು. ಆಮೇಲಿನದರಿಂದ ಆತ ಒಂದು ಪಾತ್ರವಾದ, ಕಾರ್ಯಕ್ರಮಕ್ಕೆ ಕೇಳುಗರು ಸಿಕ್ಕರು, ಅಷ್ಟೇ. ಆಬರ್ನ್‌ನ ವಿದ್ಯಾರ್ಥಿಗೆ ಅದರಿಂದ ಏನು ಸಿಕ್ಕಿತು? ಅಲಬಾಮಾದ ವಿದ್ಯಾರ್ಥಿಗೂ ಏನೂ ಸಿಗಲಿಲ್ಲ. ತನ್ನ ತಂಡದ ಹೆಸರು ವಿಷ ಹಾಕಿದವನ ಜೊತೆ ಅಂಟಿಕೊಂಡಿತು, ಅಷ್ಟೇ ಸಿಕ್ಕಿದ್ದು. 2013ರಲ್ಲಿ ಫೈನ್‌ಬಾಮ್ ಇಎಸ್‌ಪಿಎನ್ ಕ್ರೀಡಾ ಚಾನೆಲ್‌ಗೆ ಹೋದರು, ಈ ಎರಡೂ ಕಾಲೇಜುಗಳು ಆಡುವ ಎಸ್‌ಇಸಿ ಒಕ್ಕೂಟಕ್ಕಾಗಿ ಮರುವರ್ಷ ಶುರುವಾದ ಎಸ್‌ಇಸಿ ನೆಟ್‌ವರ್ಕ್ ಚಾನೆಲ್‌ನಲ್ಲಿ ದೇಶಕ್ಕೆಲ್ಲಾ ಕಾಣಿಸಿಕೊಂಡರು. ಆ ಕರೆಯಿಂದಲೇ ಇದೆಲ್ಲಾ ಆಯಿತು ಅಂತ ನಾನು ಹೇಳುವುದಿಲ್ಲ, ಅವರು ಮೊದಲೇ ದೊಡ್ಡ ಹೆಸರು. ಆದರೆ ಆ ಕರೆಯಾದ ಮೇಲೆ ಅಲಬಾಮಾದ ಹೊರಗೂ ಅವರ ಕಾರ್ಯಕ್ರಮ ಏನು ಅಂತ ಜನರಿಗೆ ಗೊತ್ತಾಯಿತು.

ಮರಕ್ಕೆ ವಿಷ ಹಾಕಿದ ಸುದ್ದಿ ಬಂದ 2011ರಲ್ಲೇ ಸಾಮಾನ್ಯ ಜನ ಏನು ಮಾಡಿದರು ಅನ್ನುವುದನ್ನು ಇಲ್ಲಿ ಹೇಳಲೇಬೇಕು, ಯಾಕಂದರೆ ಸುದ್ದಿಯಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ. ಮರಗಳಿಗೆ ವಿಷ ಬಿದ್ದ ಸುದ್ದಿ ಬಂದ ಕೂಡಲೇ ಅಲಬಾಮಾದ ಅಭಿಮಾನಿಗಳೇ "ಟೈಡ್ ಫಾರ್ ಟೂಮರ್ಸ್" (ಟೈಡ್ ಅಂದರೆ ಅಲಬಾಮಾ ತಂಡದ ಅಡ್ಡಹೆಸರು) ಅಂತ ಒಂದು ಗುಂಪು ಕಟ್ಟಿ ಆ ಮರಗಳಿಗಾಗಿ ಹಣ ಸಂಗ್ರಹಿಸಿದರು. ಎರಡು ತಿಂಗಳ ಮೇಲೆ, 2011ರ ಏಪ್ರಿಲ್ 27ರಂದು, ಭಯಂಕರ ಸುಂಟರಗಾಳಿ ಟಸ್ಕಲೂಸಾ ಊರನ್ನು ಸೀಳಿಕೊಂಡು ಹೋಯಿತು. ಆಗ ಆಬರ್ನ್ ಅಭಿಮಾನಿಗಳು "ಟೂಮರ್ಸ್ ಫಾರ್ ಟಸ್ಕಲೂಸಾ" ಅಂತ ಗುಂಪು ಕಟ್ಟಿ ನೆರವಿಗೆ ಓಡಿದರು. ಇದನ್ನು ಯಾವ ಶಾಸಕರೂ ಮಾಡಿಸಲಿಲ್ಲ, ಯಾವ ರೇಡಿಯೋ ನಿರೂಪಕರೂ ಹೇಳಿಕೊಡಲಿಲ್ಲ. ವಿದ್ಯಾರ್ಥಿಗಳ ನಡುವೆಯೂ ಹಳೆಯ ಒಂದು ಪದ್ಧತಿ ಇದೆ. ಐರನ್ ಬೌಲ್ ಮುಗಿದ ಮೇಲೆ ಗೆದ್ದವರ ಊರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುವಾಗ, ಮಧ್ಯಂತರದಲ್ಲಿ ಸೋತ ಕಾಲೇಜಿನ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಟ್ರೋಫಿ ಒಪ್ಪಿಸಿ ಗೆದ್ದ ಕಾಲೇಜಿನ ಹಾಡು ಹೇಳಬೇಕು. ಎಲ್ಲರ ಮುಂದೆ ನಿಂತು ಎದುರಾಳಿಯ ಹಾಡು ಹೇಳುವುದು ಸುಲಭ ಅಲ್ಲ, ಆದರೂ ಹೇಳುತ್ತಾರೆ. ಪೈಪೋಟಿಯನ್ನು ಹೇಗೆ ನಡೆಸಿಕೊಂಡು ಹೋಗಬೇಕು ಅಂತ 20 ವರ್ಷದ ಈ ಹುಡುಗ-ಹುಡುಗಿಯರಿಗೆ ಚೆನ್ನಾಗಿಯೇ ಗೊತ್ತಿದೆ.

ಇನ್ನು ಮೂರನೆಯ ಭಾಗ, ಪೈಪೋಟಿಯೇ ಮತವಾಗುವುದು.

ಟಾಮಿ ಟ್ಯೂಬರ್‌ವಿಲ್ 1999ರಿಂದ 2008ರವರೆಗೆ ಆಬರ್ನ್ ಕೋಚ್. 2002ರಿಂದ 2007ರವರೆಗೆ ಸತತ ಆರು ಸಲ ಅಲಬಾಮಾವನ್ನು ಸೋಲಿಸಿದರು. 2004ರಲ್ಲಿ ತಂಡ ಒಂದೂ ಪಂದ್ಯ ಸೋಲದೆ 13–0 ಆಯಿತು, ಆದರೂ ರಾಷ್ಟ್ರೀಯ ಫೈನಲ್ ಆಡುವ ಅವಕಾಶ ಸಿಗಲಿಲ್ಲ. 2008ರಲ್ಲಿ ಟಸ್ಕಲೂಸಾದಲ್ಲಿ 36–0ರಿಂದ ಸೋತ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. 2020ರಲ್ಲಿ ಸೆನೆಟ್‌ಗೆ ನಿಂತರು. ಮೊದಲು ರಿಪಬ್ಲಿಕನ್ ಪಕ್ಷದೊಳಗಿನ ಚುನಾವಣೆಯಲ್ಲಿ ಜೆಫ್ ಸೆಷನ್ಸ್ ಅವರನ್ನು ಸೋಲಿಸಿದರು, 20 ವರ್ಷ ಅದೇ ಸೀಟಿನಲ್ಲಿ ಕೂತಿದ್ದವರು ಅವರು. ಆಮೇಲೆ ಆಗ ಆ ಸೀಟಿನಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಡಗ್ ಜೋನ್ಸ್ ಅವರನ್ನು ಸೋಲಿಸಿದರು. ಅದಕ್ಕೆ ಮೊದಲು ಅವರು ಯಾವ ಚುನಾಯಿತ ಹುದ್ದೆಯಲ್ಲೂ ಇರಲಿಲ್ಲ. ಸೆಷನ್ಸ್ ವಿರುದ್ಧ ಟ್ರಂಪ್ ಬೆಂಬಲ ದೊಡ್ಡ ಕಾರಣ, ಅದು ನಿಜ. ಆದರೆ ಜನರಿಗೆ ಅವರ ಪರಿಚಯ ಆದದ್ದು ಆ ಆರು ಗೆಲುವುಗಳಿಂದ. ಎದುರು ತಂಡದ ಅಭಿಮಾನಿಗಳೂ ಅವರಿಗೇ ಮತ ಹಾಕಿದರು. ಪಂದ್ಯದ ಶನಿವಾರ ಬೈದವರು ಚುನಾವಣೆಯ ಮಂಗಳವಾರ ಮತ ಹಾಕಿದರು ಅಂತ ಆಶ್ಚರ್ಯ ಪಡಬೇಕಿಲ್ಲ. ಬೈಯುವಷ್ಟು ಗೊತ್ತಿರುವುದೂ ಚುನಾವಣೆಯಲ್ಲಿ ಒಂದು ಪರಿಚಯವೇ.

ಆಟಗಾರ ಗವರ್ನರ್ ಆಗಿದ್ದೂ ಈ ರಾಜ್ಯಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಆಬರ್ನ್ ಪರ ಆಡಿದ ಫಾಬ್ ಜೇಮ್ಸ್ ಎರಡು ಸಲ ಗವರ್ನರ್ ಆಗಿದ್ದರು. ಐರನ್ ಬೌಲ್‌ಗೆ ಅದರಿಂದ ಏನೂ ಆಗಲಿಲ್ಲ.

ಸೆನೆಟ್‌ನಲ್ಲಿ ಟ್ಯೂಬರ್‌ವಿಲ್ ಕಾಲೇಜು ಕ್ರೀಡೆಯ ಬಗ್ಗೆಯೇ ಕೆಲಸಕ್ಕೆ ಕೈ ಹಾಕಿದರು. ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಗಳಿಸುವುದಕ್ಕೆ ದೇಶಕ್ಕೆಲ್ಲಾ ಒಂದೇ ನಿಯಮ ಇರಬೇಕು ಅಂತ 2023ರ ಜುಲೈನಲ್ಲಿ ಇನ್ನೊಬ್ಬ ಸೆನೆಟರ್ ಜೋ ಮ್ಯಾಂಚಿನ್ ಜೊತೆ ಸೇರಿ ಒಂದು ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಅವರ ರಾಜಕೀಯ ಒಪ್ಪಲಿ ಬಿಡಲಿ, ಈ ವಿಷಯದಲ್ಲಿ ಮಾತಾಡಲು ಅವರಿಗೆ ಅನುಭವ ಇದೆ ಅಂತ ನಾನು ಒಪ್ಪುತ್ತೇನೆ. ಆದರೆ ಒಂದು ಗಮನಿಸಿ: ನಿಯಮ ಬಿಗಿ ಮಾಡಿದರೆ ಹೊರೆ ಬೀಳುವುದು ಆಟಗಾರರ ಮೇಲೆ. ಕೋಚ್ ಆಗಿ ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳ ಪಡೆದವರು ಆಟಗಾರರ ಗಳಿಕೆಗೆ ಮಿತಿ ಹಾಕುವ ಮಾತಾಡುವಾಗ ಆಟಗಾರರನ್ನೂ ಕೂರಿಸಿಕೊಂಡು ಮಾತಾಡಬೇಕು. 1947ರಲ್ಲಿ ಎರಡೂ ಕಾಲೇಜುಗಳೇ ಕೂತು ತೀರ್ಮಾನ ಮಾಡಿದ ಹಾಗೆ.

2025ರ ಮೇ ತಿಂಗಳಲ್ಲಿ ಟ್ಯೂಬರ್‌ವಿಲ್ 2026ರ ಗವರ್ನರ್ ಚುನಾವಣೆಗೆ ನಿಲ್ಲುವುದಾಗಿ ಹೇಳಿದರು. ಅವರು ಬಿಟ್ಟುಕೊಡುವ ಸೆನೆಟ್ ಸೀಟಿಗೆ ನಿಲ್ಲುವ ಯೋಚನೆ ಇದೆ ಅಂತ ಅದೇ ವರ್ಷ ಬಹಿರಂಗವಾಗಿ ಹೇಳಿದವರು ಯಾರು ಗೊತ್ತಾ? ಪಾಲ್ ಫೈನ್‌ಬಾಮ್. ಆಮೇಲೆ ನಿಲ್ಲುವುದಿಲ್ಲ ಅಂದರು. ಆದರೂ ಒಂದು ಕಾಲೇಜು ಪಂದ್ಯದ ಕೋಚ್ ಮತ್ತು ಅದೇ ಪಂದ್ಯದ ಬಗ್ಗೆ ಮಾತಾಡುವ ರೇಡಿಯೋ ನಿರೂಪಕ, ಇಬ್ಬರ ಹೆಸರೂ ಒಂದೇ ಸೆನೆಟ್ ಸೀಟಿನ ಸುತ್ತ ಓಡಾಡಿತು ಅನ್ನುವುದೇ ಈ ಪ್ರಕರಣ ಎಲ್ಲಿಗೆ ಬಂದು ನಿಂತಿದೆ ಅಂತ ತೋರಿಸುತ್ತದೆ.

ಅಲಬಾಮಾದ ಗವರ್ನರ್ ಹುದ್ದೆಯ ವಿಷಯದಲ್ಲಿ ಮಾತ್ರ ಒಂದು ಸಣ್ಣ ಸುಧಾರಣೆ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಎರಡೂ ವಿಶ್ವವಿದ್ಯಾಲಯಗಳ ಮಂಡಳಿಗಳಿಗೆ ಗವರ್ನರ್ ಪದನಿಮಿತ್ತ ಅಧ್ಯಕ್ಷರು ಅನ್ನುವ ವ್ಯವಸ್ಥೆ ಇವತ್ತಿಗೂ ಇದೆ. ಒಂದು ಮಂಡಳಿಯ ಸಂಸ್ಥೆಯಿಂದ ಸಂಬಳ ಪಡೆದು, ಇನ್ನೊಂದನ್ನು ಸೋಲಿಸಿಯೇ ಹೆಸರು ಮಾಡಿದವರು ಆ ಕುರ್ಚಿಗೆ ಬರುವ ಸಾಧ್ಯತೆ ಈಗ ಬರೀ ಊಹೆಯಲ್ಲ. ಆ ಹುದ್ದೆಗೆ ಯಾರೇ ಬರಲಿ, ಕೋಚ್ ನೇಮಕ, ಕೋಚ್ ಸಂಬಳ, ಕ್ರೀಡಾಂಗಣದ ಸಾಲ ಇವು ಚರ್ಚೆಗೆ ಬಂದಾಗ ಅವರು ಎರಡೂ ಮಂಡಳಿಗಳಲ್ಲಿ ಹೊರಗೆ ಕೂರಬೇಕು ಅಂತ ಬರವಣಿಗೆಯಲ್ಲೇ ಒಂದು ನಿಯಮ ಇರಲಿ. ಇದನ್ನು ಮಾಡಲು ಹೊಸ ಸಂಸ್ಥೆ ಬೇಡ, ಹಣವೂ ಬೇಡ. ಕೆಳಮನೆ 1947ರಲ್ಲಿ ಮಾಡಿದಂಥದ್ದೇ ಒಂದು ನಿರ್ಣಯದಿಂದ ಶುರು ಮಾಡಬಹುದು.